ಸಾರ್ವಜನಿಕ ಮಾತಿಗೆ ಒಬ್ಬನೇ ಯಜಮಾನ ಬೇಕೆ?

2018ರ ಜುಲೈ 13ರಂದು ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಸಿಕ್ಕ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಓಡಾಡುತ್ತಿದ್ದಾರೆ ಎಂಬ ಸುದ್ದಿ ಅಷ್ಟರಲ್ಲಾಗಲೇ ವಾಟ್ಸಾಪಿನಲ್ಲಿ ಸುತ್ತುತ್ತಿತ್ತು. ಊರಿನವರು ಅನುಮಾನಪಟ್ಟು ತಡೆದರು, ಮಾತಿಗೆ ಮಾತು ಬೆಳೆಯಿತು, ಹೆದರಿದ ಗೆಳೆಯರು ಕಾರು ಹತ್ತಿ ಹೊರಟರು. ಕಾರಿಗಿಂತ ಮುಂಚೆ ಅವರ ವಿಡಿಯೊ ಮುರ್ಕಿ ಗ್ರಾಮದ ವಾಟ್ಸಾಪ್ ಗ್ರೂಪನ್ನು ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿ ಜನ ಕಾಯುತ್ತಿದ್ದರು. ಗುಂಪಿನಲ್ಲಿದ್ದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಹೊಡೆತಕ್ಕೆ ಪ್ರಾಣ ಬಿಟ್ಟ. ಉಳಿದವರಿಗೆ ಗಂಭೀರ ಗಾಯಗಳಾದವು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಅದೇ ತಿಂಗಳ ಮೊದಲ ದಿನ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಇಂಥದೇ ವದಂತಿ ಐವರನ್ನು ಬಲಿ ತೆಗೆದುಕೊಂಡಿತ್ತು.

ಸಾಮಾಜಿಕ ಜಾಲತಾಣ ಪ್ರಜಾಪ್ರಭುತ್ವಕ್ಕೆ ಏನು ಮಾಡಿದೆ ಎಂಬ ಚರ್ಚೆಯಲ್ಲಿ ನಾವು ಸಾಮಾನ್ಯವಾಗಿ ಬೆರಳು ತೋರಿಸುವುದು ಅಲ್ಗಾರಿದಮಿನ ಕಡೆಗೆ. ಯಾರಿಗೆ ಯಾವ ಪೋಸ್ಟ್ ಕಾಣಬೇಕು ಎಂದು ಕಂಪನಿಯ ಯಂತ್ರ ತೀರ್ಮಾನಿಸುತ್ತದೆ, ಅದು ಸಿಟ್ಟು ಬರಿಸುವುದನ್ನೇ ಮುಂದೆ ತಳ್ಳುತ್ತದೆ, ಅದರಿಂದ ಸಮಾಜ ಒಡೆಯುತ್ತದೆ ಎನ್ನುವುದು ವಾದ. ಆದರೆ ಮುರ್ಕಿಯಲ್ಲಿ ಅಂಥ ಅಲ್ಗಾರಿದಮ್ ಇರಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಸಂದೇಶಗಳು ಬಂದ ಸಮಯಕ್ಕೆ ತಕ್ಕಂತೆ ಒಂದರ ಕೆಳಗೊಂದು ಕೂರುತ್ತವೆ. ಅಲ್ಲಿದ್ದುದು ಗುರುತಿನವರು ಕಳಿಸಿದ ವಿಡಿಯೊ, ಅದಾಗಲೇ ಮನೆಮಾಡಿದ್ದ ಭಯ ಮತ್ತು ಒಂದು ಫಾರ್ವರ್ಡ್ ಬಟನ್. ಇನ್ನೂ ಹಿಂದಕ್ಕೆ ಹೋದರೆ, 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದ್ದರು. ತಮ್ಮ ಮೇಲೆ ದಾಳಿ ನಡೆಯಲಿದೆ ಎಂಬ ಎಸ್‌ಎಂಎಸ್, ಎಂಎಂಎಸ್‌ಗಳು ಅವರನ್ನು ಓಡಿಸಿದ್ದವು. ಕೇಂದ್ರ ಸರ್ಕಾರ ಆಗ ದೇಶದಾದ್ಯಂತ ಒಂದೇ ಬಾರಿಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಮಿತಿ ಹಾಕಿತು. ಆ ಹೊತ್ತಿಗೆ ನಮ್ಮಲ್ಲಿ ಸ್ಮಾರ್ಟ್‌ಫೋನೇ ವಿರಳ.

ಹಾಗೆಂದು ಅಲ್ಗಾರಿದಮ್ ನಿರಪರಾಧಿ ಎಂದಲ್ಲ. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಫೀಡಿನ, ಅಂದರೆ ತೆರೆದಾಗ ಕಾಣುವ ಪೋಸ್ಟುಗಳ ಸಾಲಿನ, ಲೆಕ್ಕಾಚಾರ ಬದಲಿಸಿತು. ಜನ ಪರಸ್ಪರ ಹೆಚ್ಚು ಮಾತಾಡುವಂಥ ಪೋಸ್ಟುಗಳಿಗೆ ಆದ್ಯತೆ ಕೊಡುತ್ತೇವೆ ಎಂದು ಅದು ಹೇಳಿಕೊಂಡಿತು. ಕೇಳಲು ಚೆನ್ನಾಗಿಯೇ ಇತ್ತು. ಆದರೆ ಜನ ಅತಿ ಹೆಚ್ಚು ಕಾಮೆಂಟ್ ಹಾಕುವುದು ಜಗಳ ಇರುವ ಕಡೆ. ಕಂಪನಿಯಿಂದ ಹೊರಬಂದ ಫ್ರಾನ್ಸಿಸ್ ಹೌಗನ್ 2021ರಲ್ಲಿ ಬಯಲಿಗಿಟ್ಟ ಒಳಗಿನ ದಾಖಲೆಗಳು ಈ ಯಂತ್ರ ನಡೆಯುತ್ತಿದ್ದ ಬಗೆಯನ್ನು ತೋರಿಸಿದವು. ಕೋಪದ ಇಮೋಜಿಗೆ ಒಂದು ಕಾಲದಲ್ಲಿ ಲೈಕಿನ ಐದು ಪಟ್ಟು ತೂಕವಿತ್ತು. ಅದು ಸೊನ್ನೆಗಿಳಿದದ್ದು 2020ರಲ್ಲಿ.

ಆ ದಾಖಲೆಗಳಲ್ಲಿ ಭಾರತದ ಪುಟಗಳನ್ನು ನಾವು ಮರೆಯಬಾರದು. 2019ರ ಫೆಬ್ರುವರಿಯಲ್ಲಿ ಕಂಪನಿಯ ಸಂಶೋಧಕರೊಬ್ಬರು ಕೇರಳದಲ್ಲಿರುವ ವ್ಯಕ್ತಿಯ ಹೆಸರಿನಲ್ಲಿ ಒಂದು ಪರೀಕ್ಷಾ ಖಾತೆ ತೆರೆದರು. ಫೇಸ್‌ಬುಕ್ ತಾನಾಗಿ ಶಿಫಾರಸು ಮಾಡಿದ ಗ್ರೂಪುಗಳನ್ನು ಸೇರುವುದು, ಅದು ತೋರಿಸಿದ್ದನ್ನು ನೋಡುವುದು, ಇಷ್ಟೇ ಕೆಲಸ. ಪುಲ್ವಾಮಾ ದಾಳಿಯ ನಂತರ ಆ ಫೀಡು ದ್ವೇಷದ ಮಾತು, ಸುಳ್ಳು ಚಿತ್ರ, ರಕ್ತಸಿಕ್ತ ದೇಹಗಳಿಂದ ತುಂಬಿಹೋಯಿತು. ತಾನು ಬದುಕಿನುದ್ದಕ್ಕೂ ಕಂಡದ್ದಕ್ಕಿಂತ ಹೆಚ್ಚು ಹೆಣಗಳ ಚಿತ್ರಗಳನ್ನು ಮೂರೇ ವಾರಗಳಲ್ಲಿ ಕಂಡೆ ಎಂದು ಆ ಸಂಶೋಧಕರು ಬರೆದಿಟ್ಟರು. ತಪ್ಪು ಮಾಹಿತಿ ಗುರುತಿಸುವ ಕೆಲಸಕ್ಕೆ ಮೀಸಲಾದ ಬಜೆಟ್ಟಿನಲ್ಲಿ ಶೇ 87ರಷ್ಟು ಅಮೆರಿಕಕ್ಕೇ ಹೋಗುತ್ತಿತ್ತು, ಉಳಿದ ಇಡೀ ಜಗತ್ತಿಗೆ ಶೇ 13. ಭಾರತದ 22 ಅಧಿಕೃತ ಭಾಷೆಗಳ ಪೈಕಿ ಐದಕ್ಕೆ ಮಾತ್ರ ತನ್ನ ಕೃತಕ ಬುದ್ಧಿಮತ್ತೆಯನ್ನು ತರಬೇತುಗೊಳಿಸಿದ್ದೇವೆ ಎಂದು ಕಂಪನಿ ಆಗ ಹೇಳಿತ್ತು. ಕೋಟಿಗಟ್ಟಲೆ ಜನ ತಮ್ಮ ನುಡಿಯಲ್ಲಿ ಮಾತಾಡುವ ಜಾಗವನ್ನು ಕಾಯುವವನಿಗೆ ಆ ನುಡಿ ಬರುವುದಿಲ್ಲ ಎಂದರೆ ಅದು ಕಾವಲೇ ಅಲ್ಲ.

ಆದರೂ ಅಲ್ಗಾರಿದಮ್ ತೆಗೆದರೆ ಎಲ್ಲ ಸರಿಹೋಗುತ್ತದೆ ಎನ್ನುವುದಕ್ಕೆ ಪುರಾವೆ ಗಟ್ಟಿಯಾಗಿಲ್ಲ. 2020ರ ಅಮೆರಿಕದ ಚುನಾವಣೆಯ ಹೊತ್ತಿನಲ್ಲಿ ಸಾವಿರಾರು ಬಳಕೆದಾರರ ಫೀಡನ್ನು ಮೂರು ತಿಂಗಳ ಕಾಲ ಬರೀ ಸಮಯದ ಕ್ರಮಕ್ಕೆ ಬದಲಿಸಿ ನೋಡಿದ ಅಧ್ಯಯನ 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಜನ ಅಲ್ಲಿ ಕಳೆಯುವ ಸಮಯ ಕಡಿಮೆಯಾಯಿತು, ಆದರೆ ಅವರ ರಾಜಕೀಯ ಧ್ರುವೀಕರಣ ಹೇಳಿಕೊಳ್ಳುವಷ್ಟು ತಗ್ಗಲಿಲ್ಲ. ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ ಕಂಪನಿಯ ಸಹಯೋಗದಲ್ಲೇ ನಡೆದ ಅಧ್ಯಯನವದು. ಚುನಾವಣೆ ಕಾಲದಲ್ಲಿ ಕಂಪನಿ ತುರ್ತು ಕ್ರಮಗಳನ್ನು ಜಾರಿಗೊಳಿಸಿತ್ತು, ಹಾಗಾಗಿ ಫಲಿತಾಂಶ ಮಾಮೂಲಿ ದಿನಗಳಿಗೆ ಹೊಂದದು ಎಂಬ ಟೀಕೆ ಆಮೇಲೆ ಬಂತು. 2025ರ ನವೆಂಬರಿನಲ್ಲಿ ಅದೇ ಪತ್ರಿಕೆಯಲ್ಲಿ ಇನ್ನೊಂದು ಪ್ರಯೋಗ ಪ್ರಕಟವಾಯಿತು. ಈ ಬಾರಿ ಸಂಶೋಧಕರು ಕಂಪನಿಯ ಒಪ್ಪಿಗೆ ಕೇಳದೆ, ಬ್ರೌಸರಿಗೆ ಎಕ್ಸ್‌ಟೆನ್ಶನ್ ಎಂಬ ಒಂದು ಪುಟ್ಟ ತಂತ್ರಾಂಶ ಹಾಕಿ, ಸುಮಾರು 1,200 ಜನರ ಎಕ್ಸ್ (ಹಿಂದಿನ ಟ್ವಿಟರ್) ಫೀಡಿನಲ್ಲಿ ಎದುರು ಪಕ್ಷದವರ ಮೇಲೆ ಹಗೆ ಕಾರುವ ಪೋಸ್ಟುಗಳನ್ನು ಕೆಳಕ್ಕೆ ಸರಿಸಿದರು. ಹತ್ತೇ ದಿನಗಳಲ್ಲಿ ಎದುರು ಪಕ್ಷದವರ ಬಗ್ಗೆ ಇದ್ದ ಭಾವನೆ ನೂರಕ್ಕೆ ಎರಡು ಅಂಕದಷ್ಟು ಬೆಚ್ಚಗಾಯಿತು. ದೊಡ್ಡ ಬದಲಾವಣೆ ಅಲ್ಲ, ಕಡೆಗಣಿಸುವಂಥದ್ದೂ ಅಲ್ಲ. ನನ್ನ ಮಟ್ಟಿಗೆ ಇಲ್ಲಿ ಮುಖ್ಯವಾದದ್ದು ಅಂಕಕ್ಕಿಂತ ವಿಧಾನ: ಹೊರಗಿನವರು ಯಂತ್ರವನ್ನು ಮುಟ್ಟಿ ನೋಡಲು ಸಾಧ್ಯವಾದಾಗಲೇ ನಮಗೆ ಏನಾದರೂ ತಿಳಿಯುತ್ತದೆ.

ಹಾಗಾಗಿ ಎರಡು ಸಂಕಟಗಳನ್ನು ಬೇರೆ ಬೇರೆಯಾಗಿಯೇ ನೋಡಬೇಕು. ಒಂದು, ಸುಳ್ಳು ಮತ್ತು ದ್ವೇಷ ಹಬ್ಬುವುದು. ಇನ್ನೊಂದು, ಸಾರ್ವಜನಿಕ ಮಾತಿನ ಮೇಲೆ ಒಂದೇ ಕೈ ಹಿಡಿತ ಸಾಧಿಸುವುದು. ಮೊದಲನೆಯದರ ಬಗ್ಗೆ ನಾವು ದಿನಾ ಮಾತಾಡುತ್ತೇವೆ. ಎರಡನೆಯದು ಸದ್ದಿಲ್ಲದೆ ನಡೆಯುತ್ತದೆ, ಅದರ ದೊಡ್ಡ ವ್ಯಾಜ್ಯಗಳು ನಡೆದದ್ದು ಕರ್ನಾಟಕ ಹೈಕೋರ್ಟಿನಲ್ಲೇ.

2021 ಮತ್ತು 2022ರ ನಡುವೆ ಕೇಂದ್ರದ ಐಟಿ ಸಚಿವಾಲಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ ಅಡಿ ಹಲವು ಖಾತೆ ಮತ್ತು ಟ್ವೀಟುಗಳನ್ನು ತಡೆಯಲು ಟ್ವಿಟರಿಗೆ ಆದೇಶಿಸಿತು. ರೈತ ಹೋರಾಟದ ಕಾಲ ಅದು. ಆ ಪೈಕಿ 39 ಯುಆರ್‌ಎಲ್‌ಗಳ (ಜಾಲ ವಿಳಾಸಗಳ) ಮೇಲಿನ ತಡೆಯನ್ನು ಟ್ವಿಟರ್ 2022ರಲ್ಲಿ ಬೆಂಗಳೂರಿನಲ್ಲಿ ಪ್ರಶ್ನಿಸಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿಯನ್ನು ವಜಾ ಮಾಡಿ, ಆದೇಶ ಪಾಲಿಸಲು ತಡ ಮಾಡಿದ್ದಕ್ಕೆ ₹50 ಲಕ್ಷ ದಂಡ ಹಾಕಿದರು. ಆಮೇಲೆ ಬಂದದ್ದು ಕೇಂದ್ರ ಗೃಹ ಸಚಿವಾಲಯದ ‘ಸಹಯೋಗ್’ ಪೋರ್ಟಲ್. ಅದೇ ಕಾಯ್ದೆಯ 79(3)(ಬಿ) ಸೆಕ್ಷನ್ ಆಧಾರದ ಮೇಲೆ ಬೇರೆ ಬೇರೆ ಇಲಾಖೆ, ಪೊಲೀಸರು ನೇರವಾಗಿ ಕಂಪನಿಗಳಿಗೆ ತೆಗೆದುಹಾಕುವ ನೋಟಿಸ್ ಕಳಿಸಲು ಅದು ದಾರಿ ಮಾಡಿತು. ಅದನ್ನೂ ಎಕ್ಸ್ ಇಲ್ಲೇ ಪ್ರಶ್ನಿಸಿತು. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಆ ಅರ್ಜಿಯನ್ನೂ ವಜಾ ಮಾಡಿದರು. ಸಂವಿಧಾನದ 19ನೇ ವಿಧಿ ಕೊಡುವ ವಾಕ್ ಸ್ವಾತಂತ್ರ್ಯ ನಾಗರಿಕರಿಗೆ ಸೇರಿದ್ದು, ವಿದೇಶಿ ಕಂಪನಿ ಅದನ್ನು ಕೇಳಲಾಗದು ಎಂಬುದು ತೀರ್ಪಿನ ಒಂದು ಆಧಾರ.

ಕಾನೂನಿನ ಮಾತಾಗಿ ಇದು ಸರಿಯೇ ಇರಬಹುದು. ಆದರೆ ಅದರ ಪರಿಣಾಮ ಯೋಚಿಸಿ. ಅಳಿಸಿಹೋದ ಮಾತು ಯಾರದ್ದು? ನಾಗರಿಕನದ್ದು. ಅವನಿಗೆ ನೋಟಿಸ್ ಸಿಗುತ್ತದೆಯೇ? 69ಎ ಅಡಿ ರೂಪಿಸಿದ 2009ರ ನಿಯಮಗಳ ಪ್ರಕಾರ ಪೋಸ್ಟ್ ಹಾಕಿದವರಿಗೆ ಅಥವಾ ಕಂಪನಿಗೆ, ಯಾರಾದರೊಬ್ಬರಿಗೆ ತಿಳಿಸಿದರೂ ಸಾಕು, ಜೊತೆಗೆ ಇಡೀ ಪ್ರಕ್ರಿಯೆ ಗೋಪ್ಯ. ಹಾಗಾಗಿ ನಾಗರಿಕನ ಪರವಾಗಿ ಹೋರಾಡುವ ಹೊಣೆ ವಿದೇಶಿ ಕಂಪನಿಯೊಂದರ ಮರ್ಜಿಗೆ ಬಿದ್ದಿದೆ. ಅದಕ್ಕೆ ಲಾಭವೆನಿಸಿದರೆ ಹೋರಾಡುತ್ತದೆ, ಇಲ್ಲವಾದರೆ ಸುಮ್ಮನೆ ತೆಗೆದುಹಾಕುತ್ತದೆ. 2025ರ ಮೇ ತಿಂಗಳಲ್ಲಿ, ಪಾಕಿಸ್ತಾನದೊಂದಿಗೆ ಸಂಘರ್ಷ ನಡೆಯುತ್ತಿದ್ದಾಗ, 8,000ಕ್ಕೂ ಹೆಚ್ಚು ಖಾತೆಗಳನ್ನು ತಡೆಯಲು ಆದೇಶ ಬಂದಿದೆ ಎಂದು ಎಕ್ಸ್ ಹೇಳಿತು. ಹೆಚ್ಚಿನ ಆದೇಶಗಳಲ್ಲಿ ಯಾವ ಪೋಸ್ಟ್ ಕಾನೂನು ಮೀರಿದೆ ಎಂಬುದನ್ನೇ ತಿಳಿಸಿಲ್ಲ ಎಂದು ದೂರುತ್ತಲೇ ಅದು ಖಾತೆಗಳನ್ನು ತಡೆಯಿತು. ದೇಶಕ್ಕೆ ದೇಶವೇ ಒಂದು ಕಟ್ಟಡದಲ್ಲಿ ಸೇರಿ ಮಾತಾಡುತ್ತಿದ್ದರೆ, ಬಾಗಿಲಲ್ಲಿ ಕೂತವನನ್ನು ಒಲಿಸಿಕೊಳ್ಳುವುದೋ ಬೆದರಿಸುವುದೋ ಸರ್ಕಾರಕ್ಕೆ ಸುಲಭ. ಬಾಗಿಲಲ್ಲಿ ಕೂತವನೇ ಒಂದು ದಿನ ಮನಸ್ಸು ಬದಲಿಸಿದರೆ ಒಳಗಿದ್ದವರಿಗೆ ಕೇಳುವ ಹಕ್ಕಿಲ್ಲ. 2022ರ ಅಕ್ಟೋಬರಿನಲ್ಲಿ 4,400 ಕೋಟಿ ಡಾಲರಿಗೆ ಟ್ವಿಟರ್ ಕೈ ಬದಲಾದಾಗ ಆದದ್ದು ಅದೇ.

ಹಾಗಾದರೆ ಸ್ವದೇಶಿ ವೇದಿಕೆ ಕಟ್ಟಿದರಾಯಿತಲ್ಲ ಎನ್ನುವವರಿಗೆ ಟ್ವಿಟರಿನಂಥದೇ ಸೇವೆಯಾಗಿದ್ದ ಬೆಂಗಳೂರಿನ ‘ಕೂ’ ಉತ್ತರ. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಂಕ್ ಬಿದವತ್ಕ 2020ರಲ್ಲಿ ಶುರು ಮಾಡಿದ ಈ ಸೇವೆ ಮೊದಲು ತೆರೆದುಕೊಂಡದ್ದೇ ಕನ್ನಡದಲ್ಲಿ. ಭಾರತೀಯ ಭಾಷೆಗಳಲ್ಲಿ ಬರೆಯುವವರಿಗೆ ಅದು ಕೊಟ್ಟ ಗೌರವ ದೊಡ್ಡ ಜಾಲತಾಣಗಳಲ್ಲಿ ಇರಲಿಲ್ಲ. 2021ರ ಫೆಬ್ರುವರಿಯಲ್ಲಿ ಕೇಂದ್ರಕ್ಕೂ ಟ್ವಿಟರಿಗೂ ಜಟಾಪಟಿಯಾದಾಗ ಸಚಿವರೇ ಅಲ್ಲಿಗೆ ಹೋದರು. ನೈಜೀರಿಯಾ ಸರ್ಕಾರ ಟ್ವಿಟರನ್ನು ನಿಷೇಧಿಸಿ ಕೂನಲ್ಲಿ ಖಾತೆ ತೆರೆಯಿತು. ಆದರೆ ರಚನೆ ಹಳೆಯದೇ: ಒಂದು ಕಂಪನಿ, ಹೂಡಿಕೆದಾರರ ಹಣ, ಒಂದೇ ಬಾಗಿಲು. 2024ರ ಜುಲೈನಲ್ಲಿ ಹಣ ಹುಟ್ಟದೆ ಕೂ ಮುಚ್ಚಿತು. ಅಲ್ಲಿ ಬೆಳೆದಿದ್ದ ಕನ್ನಡದ ಬಳಗಗಳು ಬೇರೆಡೆಗೆ ಜೊತೆಯಾಗಿ ಹೋಗಲು ದಾರಿಯಿರಲಿಲ್ಲ. ಮಾಲೀಕ ನಮ್ಮೂರಿನವನಾದ ಮಾತ್ರಕ್ಕೆ ಜಾಗ ನಮ್ಮದಾಗುವುದಿಲ್ಲ.

ವಿಕೇಂದ್ರೀಕೃತ ಜಾಲಗಳು ಹುಟ್ಟಿದ್ದು ಈ ಪ್ರಶ್ನೆಯ ಸುತ್ತ. ಜರ್ಮನಿಯ ಓಯ್ಗನ್ ರೋಚ್ಕೊ 2016ರಲ್ಲಿ ಬಿಡುಗಡೆ ಮಾಡಿದ ಮ್ಯಾಸ್ಟೊಡಾನ್ ಒಂದು ಕಂಪನಿಯ ಆ್ಯಪ್ ಅಲ್ಲ, ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ (ಸೇವೆ ಒದಗಿಸುವ ಕಂಪ್ಯೂಟರಿನಲ್ಲಿ) ಹಾಕಿಕೊಂಡು ಟ್ವಿಟರಿನಂಥ ತಾಣ ನಡೆಸಬಹುದಾದ ಮುಕ್ತ ತಂತ್ರಾಂಶ. ನಿಮ್ಮ ಖಾತೆ ಒಂದು ಸರ್ವರಿನಲ್ಲಿದ್ದರೂ ಇನ್ನೊಂದು ಸರ್ವರಿನಲ್ಲಿರುವವರನ್ನು ಅನುಸರಿಸಬಹುದು, ಅವರಿಗೆ ಉತ್ತರಿಸಬಹುದು. ಸರ್ವರುಗಳು ಪರಸ್ಪರ ಮಾತಾಡಲು ಬಳಸುವ ಆ್ಯಕ್ಟಿವಿಟಿಪಬ್ ಎಂಬ ನಿಯಮಾವಳಿಯನ್ನು 2018ರ ಜನವರಿಯಲ್ಲಿ ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಅಧಿಕೃತ ಶಿಫಾರಸಾಗಿ ಹೊರಡಿಸಿತು. ವಿಡಿಯೊಗೆ ಪಿಯರ್‌ಟ್ಯೂಬ್, ಚಿತ್ರಗಳಿಗೆ ಪಿಕ್ಸೆಲ್‌ಫೆಡ್ ಹೀಗೆ ಹಲವು ತಂತ್ರಾಂಶಗಳು ಇದೇ ನಿಯಮಾವಳಿಯನ್ನು ಬಳಸುತ್ತವೆ. ಇಲ್ಲಿ ಫೀಡು ಸಮಯದ ಕ್ರಮದಲ್ಲಿ ಬರುತ್ತದೆ, ಜಾಹೀರಾತಿಲ್ಲ. ಪ್ರತಿ ಸರ್ವರಿಗೂ ತನ್ನದೇ ನಿಯಮ, ತನ್ನದೇ ಅಡ್ಮಿನ್. ಒಂದು ಸರ್ವರ್ ಕೊಳಕು ಹರಡುತ್ತಿದ್ದರೆ ಉಳಿದ ಸರ್ವರುಗಳು ಅದರೊಂದಿಗಿನ ಸಂಪರ್ಕವನ್ನು ಕಡಿದುಕೊಳ್ಳಬಹುದು. ಅಮೆರಿಕದ ಬಲಪಂಥೀಯ ಜಾಲತಾಣ ಗ್ಯಾಬ್ 2019ರಲ್ಲಿ ಮ್ಯಾಸ್ಟೊಡಾನ್ ತಂತ್ರಾಂಶಕ್ಕೆ ಬದಲಾದಾಗ ಬಹುಪಾಲು ಸರ್ವರುಗಳು ಅದಕ್ಕೆ ಬಾಗಿಲು ಹಾಕಿದವು. ಗ್ಯಾಬ್ ಸಾಯಲಿಲ್ಲ, ಒಂಟಿಯಾಯಿತು. ಯಾವ ನ್ಯಾಯಾಲಯದ ಆದೇಶವೂ ಬೇಕಾಗಲಿಲ್ಲ.

ಭಾರತದಲ್ಲಿ ಮ್ಯಾಸ್ಟೊಡಾನ್ ಹೆಸರು ಜೋರಾಗಿ ಕೇಳಿದ್ದು 2019ರ ನವೆಂಬರಿನಲ್ಲಿ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾಗಿತ್ತು. ಅದಕ್ಕೆ ಕಾರಣವಾದ ಚಿತ್ರ, ನಾಜಿ ಸೆಲ್ಯೂಟ್ ಮಾಡಲೊಲ್ಲದೆ ಕೈಕಟ್ಟಿ ನಿಂತ ಜರ್ಮನ್ ಕಾರ್ಮಿಕನದ್ದು. ಪ್ರತಿಭಟನೆಯಾಗಿ ಅನೇಕರು ಮ್ಯಾಸ್ಟೊಡಾನಿಗೆ ಹೋದರು, ಕೆಲವೇ ವಾರಗಳಲ್ಲಿ ಹೆಚ್ಚಿನವರು ಮರಳಿದರು. 2022ರ ಕೊನೆಯಲ್ಲೂ ಜಗತ್ತಿನಾದ್ಯಂತ ಹಾಗೆಯೇ ಆಯಿತು. ತಿಂಗಳ ಸಕ್ರಿಯ ಬಳಕೆದಾರರು 25 ಲಕ್ಷದ ಆಸುಪಾಸಿಗೆ ಏರಿ ಮತ್ತೆ ಇಳಿದರು. ಗೆಳೆಯರಿಲ್ಲದ ಜಾಗದಲ್ಲಿ ಯಾರೂ ಉಳಿಯುವುದಿಲ್ಲ. ಖಾತೆ ತೆರೆಯುವ ಮೊದಲ ಪುಟದಲ್ಲೇ ಯಾವ ಸರ್ವರ್ ಎಂದು ಕೇಳಿದರೆ ಹೊಸಬರು ಅಲ್ಲೇ ವಾಪಸಾಗುತ್ತಾರೆ.

ಬ್ಲೂಸ್ಕೈ ಎಂಬ ಇನ್ನೊಂದು ಜಾಲ ಈ ತೊಡಕನ್ನು ಬೇರೆ ದಾರಿಯಲ್ಲಿ ಬಿಡಿಸಲು ಹೊರಟಿತು. ಟ್ವಿಟರಿನ ಒಳಗೇ 2019ರಲ್ಲಿ ಯೋಜನೆಯಾಗಿ ಹುಟ್ಟಿ, ಜೇ ಗ್ರೇಬರ್ ನಾಯಕತ್ವದಲ್ಲಿ ಪ್ರತ್ಯೇಕ ಕಂಪನಿಯಾಗಿ, 2024ರ ಫೆಬ್ರುವರಿಯಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಬ್ರೆಜಿಲ್ ಸುಪ್ರೀಂ ಕೋರ್ಟಿನ ಆದೇಶದಂತೆ ಅದೇ ವರ್ಷ ಆಗಸ್ಟ್ ಕೊನೆಯಲ್ಲಿ ಅಲ್ಲಿ ಎಕ್ಸ್ ನಿಂತುಹೋದಾಗ ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನ ಇಲ್ಲಿಗೆ ಬಂದರು. ನವೆಂಬರಿನ ಅಮೆರಿಕದ ಚುನಾವಣೆಯ ನಂತರ ಬಳಕೆದಾರರ ಸಂಖ್ಯೆ 2 ಕೋಟಿ ದಾಟಿತು. ಬ್ಲೂಸ್ಕೈ ಕೆಲಸವನ್ನು ಪದರ ಪದರವಾಗಿ ಬಿಡಿಸಿಟ್ಟಿದೆ. ನಿಮ್ಮ ಪೋಸ್ಟುಗಳು ಇರುವ ಜಾಗ ಒಂದು, ಎಲ್ಲರ ಪೋಸ್ಟುಗಳನ್ನು ಒಟ್ಟುಗೂಡಿಸುವ ಯಂತ್ರ ಇನ್ನೊಂದು, ತೋರಿಸುವ ಆ್ಯಪ್ ಮತ್ತೊಂದು. ಫೀಡಿನ ಲೆಕ್ಕಾಚಾರವನ್ನು ಬಳಕೆದಾರರೇ ಬರೆಯಬಹುದು, ಬೇರೆಯವರು ಬರೆದದ್ದನ್ನು ಆಯ್ದುಕೊಳ್ಳಬಹುದು. ಕೊಳಕು, ಸುಳ್ಳು ಎಂದು ಹಣೆಪಟ್ಟಿ ಹಚ್ಚುವ ಕೆಲಸವನ್ನೂ ಹೊರಗಿನ ಗುಂಪುಗಳು ಮಾಡಬಹುದು, ಯಾರ ಹಣೆಪಟ್ಟಿಯನ್ನು ನಂಬಬೇಕು ಎನ್ನುವುದು ನಿಮ್ಮ ಆಯ್ಕೆ.

ಈ ಪದರಗಳ ಶಕ್ತಿಯೂ ಮಿತಿಯೂ 2025ರ ಏಪ್ರಿಲಿನಲ್ಲಿ ಟರ್ಕಿಯಲ್ಲಿ ಗೊತ್ತಾಯಿತು. ಅಲ್ಲಿನ ಸರ್ಕಾರದ ಬೇಡಿಕೆಗೆ ಮಣಿದು ಬ್ಲೂಸ್ಕೈ 72 ಖಾತೆಗಳನ್ನು ಆ ದೇಶದಲ್ಲಿ ಕಾಣದಂತೆ ಮಾಡಿತು. ತಡೆ ಬಿದ್ದದ್ದು ಕಂಪನಿಯ ಅಧಿಕೃತ ಆ್ಯಪಿನಲ್ಲಿ. ಅದೇ ಜಾಲವನ್ನು ಬೇರೆಯವರು ಮಾಡಿದ ಕೆಲವು ಆ್ಯಪುಗಳಲ್ಲಿ ನೋಡಿದವರಿಗೆ ಆ ಖಾತೆಗಳು ಕಾಣುತ್ತಲೇ ಇದ್ದವು. ಬಾಗಿಲುಗಳು ಹಲವಾದಾಗ ಸರ್ಕಾರ ಒಂದನ್ನು ಮುಚ್ಚಿಸಿದರೂ ಇನ್ನೊಂದು ತೆರೆದಿರುತ್ತದೆ ಎನ್ನುವುದಕ್ಕೆ ಇದು ಸಾಕ್ಷಿ. ಆದರೆ ಬಹುಪಾಲು ಜನ ಬಳಸುವುದು ಅಧಿಕೃತ ಆ್ಯಪನ್ನೇ, ಅವರ ಖಾತೆಗಳು ಇರುವುದೂ ಕಂಪನಿಯ ಸರ್ವರುಗಳಲ್ಲೇ. ಕಾಗದದ ಮೇಲೆ ವಿಕೇಂದ್ರೀಕರಣ ಪೂರ್ತಿಯಾಗಿದೆ, ಬಳಕೆಯಲ್ಲಿ ಇನ್ನೂ ಆಗಿಲ್ಲ.

ಸಣ್ಣ ಸರ್ವರುಗಳಿಗೂ ತಮ್ಮದೇ ಅಪಾಯಗಳಿವೆ, ಅವುಗಳನ್ನು ಉತ್ಸಾಹದಲ್ಲಿ ಮುಚ್ಚಿಡಬಾರದು. ಸಾವಿರಾರು ಜನರಿದ್ದ ಮ್ಯಾಸ್ಟೊಡಾನ್.ಲೋಲ್ ಎಂಬ ಸರ್ವರನ್ನು ನಡೆಸುತ್ತಿದ್ದ ವ್ಯಕ್ತಿ ಜಗಳ, ನಿಂದನೆಗಳಿಂದ ಬೇಸತ್ತು 2023ರಲ್ಲಿ ಮುಚ್ಚಿಬಿಟ್ಟರು. ಬೇರೆ ಸರ್ವರಿಗೆ ಹೋಗುವಾಗ ಫಾಲೋವರುಗಳು ಜೊತೆಗೆ ಬರುತ್ತಾರೆ, ಹಳೆಯ ಪೋಸ್ಟುಗಳು ಬರುವುದಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಎಫ್‌ಬಿಐ ಬೇರೊಂದು ಪ್ರಕರಣಕ್ಕಾಗಿ ಒಬ್ಬ ಅಡ್ಮಿನ್ ಮನೆ ಶೋಧಿಸಿದಾಗ ಕೊಲೆಕ್ಟಿವಾ ಸರ್ವರಿನ ಬಳಕೆದಾರರ ಮಾಹಿತಿಯ ಪ್ರತಿಯೂ ವಶವಾಯಿತು, ಅದು ಎನ್‌ಕ್ರಿಪ್ಟ್ ಆಗಿರಲಿಲ್ಲ, ಅಂದರೆ ಬೇರೆಯವರು ಓದಲಾಗದಂತೆ ಗೂಢಲಿಪಿಯಲ್ಲಿರಲಿಲ್ಲ. 2024ರಲ್ಲಿ ಅಫ್ಗಾನಿಸ್ತಾನದ .ಎಎಫ್ ವಿಳಾಸ ಬಳಸುತ್ತಿದ್ದ ಒಂದು ಸರ್ವರಿನ ಹೆಸರನ್ನೇ ತಾಲಿಬಾನ್ ಆಡಳಿತ ಕಿತ್ತುಕೊಂಡಿತು. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳು ಮ್ಯಾಸ್ಟೊಡಾನ್ ಸರ್ವರುಗಳಲ್ಲಿ ಸಿಗುತ್ತಿರುವುದನ್ನು ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ವರದಿ ಮಾಡಿದರು. ದೊಡ್ಡ ಕಂಪನಿಗಳ ಬಳಿ ಅಂಥವನ್ನು ಹಿಡಿಯುವ ಸಲಕರಣೆಯಿದೆ, ಬಿಡುವಿನ ವೇಳೆಯಲ್ಲಿ ಸರ್ವರ್ ನೋಡಿಕೊಳ್ಳುವ ವ್ಯಕ್ತಿಯ ಬಳಿ ಇಲ್ಲ. ಭಾರತದಲ್ಲಿ ಇದನ್ನು ನಡೆಸುವವರಿಗೆ ಕಾನೂನಿನ ಭಾರವೂ ಇದೆ. 2021ರ ಐಟಿ ನಿಯಮಗಳು 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಜಾಲತಾಣಗಳಿಗೆ ಹೆಚ್ಚುವರಿ ಹೊಣೆ ಹೊರಿಸುತ್ತವೆ ನಿಜ. ಆದರೆ ಆದೇಶ ಬಂದ ನಿಗದಿತ ಗಂಟೆಗಳೊಳಗೆ ಪೋಸ್ಟ್ ತೆಗೆಯದಿದ್ದರೆ, ಬಳಕೆದಾರರ ಪೋಸ್ಟಿಗೆ ತಾಣ ಹೊಣೆಯಲ್ಲ ಎಂಬ ಕಾನೂನಿನ ರಕ್ಷಣೆ ಕಳೆದುಕೊಳ್ಳುವುದು ಚಿಕ್ಕವರಿಗೂ ಅನ್ವಯಿಸುತ್ತದೆ. ಕಂಪನಿಗೆ ವಕೀಲರ ದಂಡಿದೆ, ಹವ್ಯಾಸಿ ಅಡ್ಮಿನ್‌ಗೆ ಯಾರಿದ್ದಾರೆ?

ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಮುರ್ಕಿಯ ಘಟನೆಯ ಬೆನ್ನಲ್ಲೇ, 2018ರ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಲು ಬರುವಂತೆ ಮಿತಿ ತಂದಿತು. 2019ರ ಜನವರಿಯಲ್ಲಿ ಅದು ಜಗತ್ತಿಗೆಲ್ಲ ಅನ್ವಯವಾಯಿತು. ಕೋವಿಡ್ ಬಂದಾಗ, 2020ರ ಏಪ್ರಿಲಿನಲ್ಲಿ, ಹಲವು ಬಾರಿ ಫಾರ್ವರ್ಡ್ ಆದ ಸಂದೇಶಗಳಿಗೆ ಮಿತಿಯನ್ನು ಒಂದಕ್ಕೆ ಇಳಿಸಲಾಯಿತು. ಅಂಥ ಸಂದೇಶಗಳು ಶೇ 70ರಷ್ಟು ತಗ್ಗಿದವು ಎಂದು ಕಂಪನಿ ಹೇಳಿತು. ಪ್ರಾಣ ಉಳಿಸಿರಬಹುದಾದ ಕ್ರಮವದು. ಅದು ಸಾಧ್ಯವಾದದ್ದು ವಾಟ್ಸಾಪ್ ಕೇಂದ್ರೀಕೃತವಾಗಿರುವುದರಿಂದಲೇ. ಒಂದೇ ಕಂಪನಿ, ಒಂದೇ ಅಪ್‌ಡೇಟ್, ಕೋಟ್ಯಂತರ ಫೋನುಗಳಲ್ಲಿ ಒಂದೇ ಬಾರಿಗೆ ಬದಲಾವಣೆ. ಆಗ ನಮ್ಮ ಗ್ರೂಪುಗಳೆಲ್ಲ ನೂರಾರು ಬೇರೆ ಬೇರೆ ಆ್ಯಪುಗಳಲ್ಲಿ, ಬೇರೆ ಬೇರೆ ಸರ್ವರುಗಳಲ್ಲಿ ಹಂಚಿಹೋಗಿದ್ದರೆ ಆ ಮಿತಿಯನ್ನು ಹಾಕುವವರು ಯಾರಿರುತ್ತಿದ್ದರು? ಒಂದು ಆ್ಯಪ್ ಹಾಕಿದರೆ ಜನ ಹಾಕದ ಇನ್ನೊಂದಕ್ಕೆ ಹೋಗುತ್ತಿದ್ದರು.

ವಿಕೇಂದ್ರೀಕರಣದ ಪರ ಇರುವ ನಾನು ಈ ಪ್ರಶ್ನೆಗೆ ಸುಲಭದ ಉತ್ತರವಿದೆ ಎಂದು ನಟಿಸಲಾರೆ. ಒಂದೇ ಕೈಯ ಹಿಡಿತವನ್ನು ಸಡಿಲಿಸುವ ವಿದ್ಯೆ ವದಂತಿಯನ್ನು ತಡೆಯುವ ವಿದ್ಯೆಯಲ್ಲ. ಆದರೆ ಅದೇ ಫಾರ್ವರ್ಡ್ ಮಿತಿಯನ್ನು ಇನ್ನೊಂದು ಮಗ್ಗುಲಿಂದ ನೋಡಿ. ಕೋಟಿಗಟ್ಟಲೆ ಭಾರತೀಯರ ಮಾತು ಎಷ್ಟು ದೂರ ಹೋಗಬಹುದು ಎಂಬುದನ್ನು ಕ್ಯಾಲಿಫೋರ್ನಿಯಾದಲ್ಲಿ ಕೂತವರು ನಿರ್ಧರಿಸಿದರು. ಶೇ 70 ಎಂಬ ಲೆಕ್ಕವೂ ಅವರೇ ಕೊಟ್ಟದ್ದು, ಅದನ್ನು ತಾಳೆ ನೋಡಲು ಹೊರಗಿನವರಿಗೆ ಅವಕಾಶವಿಲ್ಲ. ನಾಳೆ ವ್ಯಾಪಾರಕ್ಕೆ ಬೇಕೆನಿಸಿ ಮಿತಿ ತೆಗೆದರೆ ತಡೆಯುವವರೂ ಇಲ್ಲ. ಒಳ್ಳೆಯ ತೀರ್ಮಾನವನ್ನು ತಪ್ಪು ಜಾಗದಲ್ಲಿ ಕೂತವರು ತೆಗೆದುಕೊಂಡರು. ವದಂತಿಗೆ ಮದ್ದು ಪೊಲೀಸ್ ಠಾಣೆ, ಶಾಲೆ, ಸ್ಥಳೀಯ ಪತ್ರಿಕೆ, ಗ್ರಾಮ ಪಂಚಾಯಿತಿಗಳ ಕಡೆಯಿಂದಲೂ ಬರಬೇಕು. ಎಲ್ಲವನ್ನೂ ಆ್ಯಪಿನಲ್ಲೇ ಹುಡುಕಿದ್ದು ನಮ್ಮ ಸೋಮಾರಿತನ.

ಹೀಗೆ ಕಂಪನಿಗೂ ಬಿಡಲಾಗದ, ಒಬ್ಬ ಹವ್ಯಾಸಿಯ ಹೆಗಲಿಗೂ ಹಾಕಲಾಗದ ಹೊಣೆಯನ್ನು ಹೊರುವ ವಿಧಾನ ಕನ್ನಡ ನಾಡಿಗೆ ಹೊಸದೇನಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲಿ ಸ್ಥಾಪಿಸಿದ ಸಂಘ ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಹೆಸರಾಯಿತು. ಸಾಲ ಬೇಕು, ಸಾಹುಕಾರನ ಹಂಗು ಬೇಡ ಎಂದ ರೈತರು ತಾವೇ ಷೇರು ಹಣ ಹಾಕಿ ಅದನ್ನು ಕಟ್ಟಿದರು. ಇಂದು ಸೋಶಿಯಲ್.ಕೋಆಪ್ ಎಂಬ ಮ್ಯಾಸ್ಟೊಡಾನ್ ಸರ್ವರ್ ನಡೆಯುತ್ತಿರುವುದು ಹೀಗೆಯೇ. ಸದಸ್ಯರು ಚಂದಾ ಕೊಡುತ್ತಾರೆ, ನಿಯಮಗಳನ್ನು ಚರ್ಚಿಸಿ ಮತ ಹಾಕುತ್ತಾರೆ, ಪೋಸ್ಟುಗಳ ಮೇಲೆ ನಿಗಾ ಇಡುವ ಮಾಡರೇಟರುಗಳ ಕೆಲಸವನ್ನು ಹಂಚಿಕೊಳ್ಳುತ್ತಾರೆ. ಸಹಕಾರ ಸಂಘಗಳಲ್ಲಿ ಏನೇನು ಕೆಡುತ್ತದೆ ಎಂಬುದೂ ನಮಗೆ ಚೆನ್ನಾಗಿ ಗೊತ್ತು: ಒಂದೇ ಮನೆತನದ ಹಿಡಿತ, ಜಾತಿ ಲೆಕ್ಕದ ಚುನಾವಣೆ, ಸರ್ಕಾರ ನೇಮಿಸುವ ಆಡಳಿತಾಧಿಕಾರಿ. ಆ ಅನುಭವವೇ ಒಂದು ಬಂಡವಾಳ. ಕನ್ನಡಿಗರು ನಡೆಸುವ ಸರ್ವರಿನಲ್ಲಿ ಕನ್ನಡ, ತುಳು, ಕೊಂಕಣಿ ಬಲ್ಲವರು ಮಾಡರೇಟರುಗಳಾಗಿರುತ್ತಾರೆ. ಕಲಬುರಗಿಯ ಮಾತಿನಲ್ಲಿ ಸಲುಗೆಯಾಗಿರುವುದು ಮಂಗಳೂರಿನವರಿಗೆ ಬೈಗುಳದಂತೆ ಕೇಳಬಹುದು ಎಂಬ ತಿಳಿವಳಿಕೆ ಅವರಿಗಿರುತ್ತದೆ. ತೆಗೆದದ್ದು ತಪ್ಪೆನಿಸಿದರೆ ಸರ್ವಸದಸ್ಯರ ಸಭೆಯಲ್ಲಿ ಎದ್ದುನಿಂತು ಕೇಳಬಹುದು. ಇಂಥ ಒಂದು ಸರ್ವರಿಗೆ ಲಕ್ಷ ಜನ ಬೇಕಿಲ್ಲ. ಚಂದಾ ಕೊಡುವ ಕೆಲವು ನೂರು ಜನ, ಪಾಳಿಯಲ್ಲಿ ಕೂರುವ ಏಳೆಂಟು ಮಾಡರೇಟರುಗಳು, ಒಬ್ಬ ವಕೀಲರ ನೆರವು ಇದ್ದರೆ ಶುರು ಮಾಡಬಹುದು.

ಕಾನೂನು ಕೂಡ ಇಲ್ಲಿ ಒಂದು ಕೆಲಸ ಮಾಡಬೇಕು. ಮೊಬೈಲ್ ನಂಬರ್ ಬದಲಿಸದೆ ಕಂಪನಿ ಬದಲಿಸುವ ಹಕ್ಕು ದೇಶದೆಲ್ಲೆಡೆ ನಮಗೆ ಸಿಕ್ಕಿದ್ದು 2011ರ ಜನವರಿಯಲ್ಲಿ, ಕಂಪನಿಗಳ ಔದಾರ್ಯದಿಂದಲ್ಲ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮದಿಂದ. ಯುರೋಪಿನ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ವಾಟ್ಸಾಪಿನಂಥ ದೊಡ್ಡ ಸೇವೆಗಳು ಬೇರೆ ಆ್ಯಪುಗಳ ಸಂದೇಶಗಳಿಗೂ ದಾರಿ ಕೊಡಬೇಕೆಂದು ಕಡ್ಡಾಯ ಮಾಡಿದೆ. ನಮ್ಮಲ್ಲಿ ಚರ್ಚೆಯೆಲ್ಲ ಯಾವ ಪೋಸ್ಟಿಗೆ ಎಷ್ಟು ವರ್ಷ ಜೈಲು ಎನ್ನುವುದರ ಸುತ್ತಲೇ ಇದೆ. ಕರ್ನಾಟಕ ಸರ್ಕಾರ 2025ರಲ್ಲಿ ಸಿದ್ಧಪಡಿಸಿದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡಿನಲ್ಲಿ ಏಳು ವರ್ಷದವರೆಗಿನ ಶಿಕ್ಷೆಯ ಪ್ರಸ್ತಾವವಿತ್ತು. ಬಳಕೆದಾರ ತನ್ನ ಬಳಗದೊಂದಿಗೆ ಹೊರನಡೆಯುವ ಹಕ್ಕಿನ ಬಗ್ಗೆ ನಮ್ಮ ಶಾಸನಸಭೆಗಳಲ್ಲಿ ಮಾತೇ ಹುಟ್ಟಿಲ್ಲ.

ಸರ್ಕಾರಕ್ಕೆ ಜನರ ಮಾತನ್ನು ಹತೋಟಿಯಲ್ಲಿಡುವುದಕ್ಕಿಂತ ಸುಲಭವಾದ, ನಾಳೆಯೇ ಮಾಡಬಹುದಾದ ಕೆಲಸವೊಂದಿದೆ: ತನ್ನ ಮಾತನ್ನು ತನ್ನ ಜಾಗದಲ್ಲಿ ಆಡುವುದು. ಜರ್ಮನಿ, ನೆದರ್ಲೆಂಡ್ಸ್ ಸರ್ಕಾರಗಳು ಮತ್ತು ಯುರೋಪಿಯನ್ ಕಮಿಷನ್ ತಮ್ಮದೇ ಮ್ಯಾಸ್ಟೊಡಾನ್ ಸರ್ವರುಗಳನ್ನು ನಡೆಸುತ್ತಿವೆ. ನಮ್ಮಲ್ಲಿ ಬೆಂಗಳೂರಿನ ಟ್ರಾಫಿಕ್ ಸೂಚನೆಯಿಂದ ಹಿಡಿದು ಕರೆಂಟ್ ಹೋಗುವ ಮಾಹಿತಿಯವರೆಗೆ ಎಷ್ಟೋ ವಿಷಯ ಎಕ್ಸ್‌ನಲ್ಲಿ ಬರುತ್ತದೆ. 2023ರ ಜೂನ್ ಕೊನೆಯಲ್ಲಿ ಆ ಕಂಪನಿ ಇದ್ದಕ್ಕಿದ್ದಂತೆ ಲಾಗಿನ್ ಆಗದವರಿಗೆ ಪೋಸ್ಟುಗಳನ್ನೇ ತೋರಿಸದೆ ನಿಲ್ಲಿಸಿದಾಗ ಸಾರ್ವಜನಿಕ ಕಚೇರಿಯ ಪ್ರಕಟಣೆ ಓದಲೂ ಖಾಸಗಿ ಕಂಪನಿಯಲ್ಲಿ ಖಾತೆ ಬೇಕಾಯಿತು. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ರಾತ್ರಿಗಳಲ್ಲಿ ಜಿಲ್ಲಾಧಿಕಾರಿಯ ಸಹಿಯಿರುವ ನಕಲಿ ರಜಾ ಆದೇಶ ಪೋಷಕರ ಗ್ರೂಪುಗಳಲ್ಲಿ ಹರಿದಾಡುವುದು ಮಾಮೂಲಿ. ಹಳೆಯ ಆದೇಶದ ತಾರೀಖು ತಿದ್ದಿದರೆ ಮುಗಿಯಿತು, ಹೋಲಿಸಿ ನೋಡಲು ಜನರಿಗೆ ಒಂದು ನೆಲೆಯಿಲ್ಲ. ಪ್ರತಿ ಜಿಲ್ಲಾಡಳಿತದ ಪ್ರಕಟಣೆಯೂ ಮೊದಲು ಸರ್ಕಾರದ ಸ್ವಂತ ಡೊಮೇನಿನಲ್ಲಿ (ಜಾಲ ವಿಳಾಸದಲ್ಲಿ) ಇರುವ ಸರ್ವರಿನಲ್ಲಿ ಬರಲಿ. ಅಲ್ಲಿಂದ ಯಾವ ಆ್ಯಪಿನವರು ಬೇಕಾದರೂ, ಲಾಗಿನ್ ಇಲ್ಲದೆ, ಅನುಸರಿಸುವಂತಿರಲಿ. ಎಕ್ಸ್, ಫೇಸ್‌ಬುಕ್, ವಾಟ್ಸಾಪ್ ಚಾನೆಲ್ಲುಗಳಿಗೆ ಆಮೇಲೆ ನಕಲು ಹೋಗಲಿ. ಆಗ ವಿಳಾಸವೇ ಸಹಿಯ ಕೆಲಸ ಮಾಡುತ್ತದೆ, ನಾಳೆ ಶಾಲೆ ಇದೆಯೋ ಇಲ್ಲವೋ ಎಂದು ತಿಳಿಯಲು ಹತ್ತು ಗ್ರೂಪು ಜಾಲಾಡುವುದು ತಪ್ಪುತ್ತದೆ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಇ-ಆಡಳಿತ ಇಲಾಖೆಯ ಒಂದು ಸುತ್ತೋಲೆ ಸಾಕು.